ಹಳೇ ಔಟ್‌ಬೋರ್ಡ್ ಇಂಜಿನ್ನಿಗೆ ವಾಟರ್ ಸೆಪರೇಟರ್ ಫಿಲ್ಟರ್: ಕೆಲವು ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡ್ತೇನೆ, ಪೆಟ್ರೋಲಿನಿಂದ ನೀರು, ಕಸ ಬೇರೆ ಮಾಡುವ ಈ ಫಿಲ್ಟರ್ ಹಾಕಿದ್ರೆ ಇಂಜಿನ್ ಸರಿಯಾಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಆಗುದಿಲ್ಲ. ಆದ್ರೆ ತೊಂದರೆ ಎಲ್ಲಿ ಉಂಟು ಅಂತ ಗೊತ್ತಾಗ್ತದೆ, ನನಗೆ ಬೇಕಾದ್ದೂ ಅದೇ. 5ರಲ್ಲಿ 4 ಸ್ಟಾರ್ ಕೊಟ್ಟಿದ್ದೇನೆ, ಒಂದು ಯಾಕೆ ಕಮ್ಮಿ ಅಂತ ಆಮೇಲೆ ಬರೀತೇನೆ.

ನನ್ನದು ಫೈಬರ್ ಬೋಟು, ಹಿಂದೆ 40 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡು, ಎರಡು ಸಿಲಿಂಡರು, ಎರಡು ಕಾರ್ಬೊರೇಟರು, ಆಯಿಲನ್ನು ಪೆಟ್ರೋಲಿಗೇ ಮಿಕ್ಸ್ ಮಾಡಿ ಹಾಕುವ ಹಳೇ ಮಾಡೆಲ್. ಉಡುಪಿಯ ಕೋಡಿ ಬೆಂಗ್ರೆ ಹತ್ರ, ಸ್ವರ್ಣಾ ಸೀತಾ ಹೊಳೆ ಎರಡೂ ಸೇರಿ ಸಮುದ್ರಕ್ಕೆ ಹೋಗುವ ಜಾಗದಲ್ಲಿ, ಹೊಳೆಯಲ್ಲೇ ಜಾಸ್ತಿ ಓಡಿಸುದು, ಗಾಳಿ ಕಮ್ಮಿ ಇದ್ದ ದಿನ ಅಳಿವೆ ದಾಟಿ ಹೊರಗೆ ಗಾಳ ಹಾಕ್ಲಿಕ್ಕೆ ಹೋಗ್ತೇವೆ. ಅಳಿವೆ ಬಾಗಿಲಲ್ಲಿ ಇಂಜಿನ್ ಕೈಕೊಟ್ರೆ ಎಂತ ಆಗ್ತದೆ ಅಂತ ಕರಾವಳಿಯವರಿಗೆ ಹೇಳ್ಬೇಕಾಗಿಲ್ಲ, ಅಲೆ ಅಡ್ಡ ಹೊಡೀತದೆ, ಹೂಳಿನ ಮೇಲೆ ಹತ್ತಿಸ್ತದೆ. ಹಾಗಾಗಿ ಪೆಟ್ರೋಲ್ ಲೈನಿನ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು ಜಾಸ್ತಿ.

ಇಂಜಿನ್ ಕಂಪ್ಲೇಂಟ್ ಎಂತ ಇತ್ತು ಅಂದ್ರೆ, ಸ್ಟಾರ್ಟ್ ಚಂದ ಆಗ್ತದೆ, ಐಡಲ್ ಚಂದ ನಿಲ್ತದೆ, ಫುಲ್ ಥ್ರಾಟಲ್ ಕೊಟ್ರೆ ಬೋಟು ಏಳ್ತದೆ, ಸ್ವಲ್ಪ ದೂರ ಹೋದ ಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಪವರ್ ಬೀಳ್ತದೆ, ಥ್ರಾಟಲ್ ಇಳಿಸಿದ್ರೆ ಮತ್ತೆ ಸುಧಾರಿಸ್ತದೆ. ಇದನ್ನು ಯಾವ ಮೆಕ್ಯಾನಿಕ್ ಹತ್ರ ಹೇಳಿದ್ರೂ ಅವರ ಕೈ ಸೀದಾ ಕಾರ್ಬೊರೇಟರಿಗೆ ಹೋಗ್ತದೆ. ಬಿಚ್ಚು, ತೊಳಿ, ಕಿಟ್ ಹಾಕು, ದುಡ್ಡು ಕೊಡು. ನನ್ನ ಪ್ರಕಾರ ಇದು ಉಲ್ಟಾ ದಾರಿ. ಐಡಲಲ್ಲೇ ಹಾರಾಡ್ತಾ ಇದ್ರೆ, ಚೋಕ್ ಎಳೆದ್ರೆ ಮಾತ್ರ ನಿಲ್ಲುದಾದ್ರೆ ಆವಾಗ ಜೆಟ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿದೆ ಅಂತ ಸಂಶಯ ಪಡಬಹುದು. ಮೊದಲು ಚಂದ ಓಡಿ ಆಮೇಲೆ ಸುಸ್ತಾಗುದು ಅಂದ್ರೆ ಕಾರ್ಬೊರೇಟರಿನ ಬೌಲಲ್ಲಿದ್ದ ಪೆಟ್ರೋಲ್ ಖರ್ಚಾಗ್ತಾ ಉಂಟು, ಹಿಂದಿನಿಂದ ಅಷ್ಟು ಬೇಗ ಬರ್ತಾ ಇಲ್ಲ ಅಂತ ಅರ್ಥ. ಹಾಗಾದ್ರೆ ನೋಡ್ಬೇಕಾದ್ದು ಟ್ಯಾಂಕು, ಪೈಪು, ಕೈಯಲ್ಲಿ ಒತ್ತಿ ಪೆಟ್ರೋಲ್ ಏರಿಸುವ ರಬ್ಬರ್ ಬಲ್ಬು, ಪಂಪು.

ಇಲ್ಲೇ ಫಿಲ್ಟರ್ ಉಪಯೋಗಕ್ಕೆ ಬಂದದ್ದು. ನಾನು ಹಾಕಿದ್ದು 10 ಮೈಕ್ರಾನ್ (ಎಷ್ಟು ಸಣ್ಣ ಕಸ ಹಿಡೀತದೆ ಅನ್ನುವ ಅಳತೆ) ಸ್ಪಿನ್ ಆನ್, ಅಂದ್ರೆ ತಿರುಗಿಸಿ ಕೂರಿಸುವಂಥದ್ದು, ಕೆಳಗೆ ಒಳಗಿದ್ದದ್ದು ಕಾಣುವ ಪ್ಲಾಸ್ಟಿಕ್ ಬೌಲು, ಅದರ ಅಡಿಯಲ್ಲಿ ಡ್ರೈನ್ ತಿರುಪು. ಟ್ಯಾಂಕು, ಫಿಲ್ಟರು, ಆಮೇಲೆ ಪ್ರೈಮರ್ ಬಲ್ಬು, ಆಮೇಲೆ ಇಂಜಿನ್ನು, ಈ ಆರ್ಡರ್. 2 ಮೈಕ್ರಾನ್ ಇನ್ನೂ ಒಳ್ಳೇದಲ್ವಾ ಅಂತ ಅಂಗಡಿಯವನು ಕೇಳಿದ, ಬೇಡ, ಅದು ಡೀಸೆಲ್ ಇಂಜೆಕ್ಟರ್‌ಗೆ, ಇಂಜಿನ್ ಒಳಗಿನ ಕ್ರ್ಯಾಂಕ್‌ಕೇಸ್ ಒತ್ತಡದಲ್ಲಿ ಬಡಿದುಕೊಳ್ಳುವ ನಮ್ಮ ಡಯಾಫ್ರಾಮ್ (ತೆಳು ಪರದೆ) ಪಂಪಿಗೆ ಅದರೊಳಗಿಂದ ಎಳೀಲಿಕ್ಕೆ ಕಷ್ಟ, ಬೇಗ ಕಟ್ಟಿಕೊಳ್ತದೆ ಬೇರೆ.

ಹಾಕಿದ ಮೇಲೆ ಬೌಲಲ್ಲಿ ಮೊದಲು ಕಂಡದ್ದು ನೀರು. ಬಾಟ್ಲಿಗೆ ಬಿಟ್ಟು ಸ್ವಲ್ಪ ಹೊತ್ತು ಇಟ್ರೆ ಅಡಿಯಲ್ಲಿ ಬೇರೆ ಪದರ ಚಂದ ಕಾಣ್ತದೆ. ಎಲ್ಲರೂ ಇದಕ್ಕೆ ಪೆಟ್ರೋಲಿಗೆ ಬೆರೆಸಿದ ಎಥನಾಲ್ ಗಾಳಿಯಿಂದ ನೀರು ಹೀರ್ತದೆ ಅಂತಾರೆ, ಹೌದು, ಆದ್ರೆ ನನಗೆ ಕಂಡ ಹಾಗೆ ಮುಖ್ಯ ಕಳ್ಳ ಟ್ಯಾಂಕ್ ಮುಚ್ಚಳದ ಓರಿಂಗು (ರಬ್ಬರ್ ಬಳೆ). ಒಡೆದು ಹೋದ ಓರಿಂಗು, ಮೇಲೆ ನಮ್ಮ ಉಡುಪಿಯ ಜೂನ್ ಜುಲೈ ಮಳೆ, ಇನ್ನೆಂತ ಬೇಕು ಮಾರಾಯ್ರೆ. ಓರಿಂಗಿಗೆ ಹತ್ತೋ ಇಪ್ಪತ್ತೋ ರೂಪಾಯಿ, ಅದನ್ನು ಬದಲಿಸಿದ ಮೇಲೆ ಬೌಲಲ್ಲಿ ನೀರು ತುಂಬಾ ಕಮ್ಮಿಯಾಯ್ತು.

ಎಥನಾಲ್ ವಿಷಯ ಬಿಡ್ಲಿಕ್ಕೆ ಆಗುದಿಲ್ಲ ಆದ್ರೂ. 2023 ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20 (ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆ ಮಾಡಿದ್ದು, ಈಗ ಬಂಕಲ್ಲಿ ಮಾಮೂಲಿ ಪೆಟ್ರೋಲ್ ಅಂದ್ರೆ ಅದೇ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಂಡು ಸುಮ್ಮನೆ ಇರ್ತದೆ, ಇ10 ಆದ್ರೆ ಲೀಟರಿಗೆ ಸುಮಾರು 5 ಎಂಎಲ್, ಇ20 ಅದಕ್ಕಿಂತ ಜಾಸ್ತಿ ತಡ್ಕೊಳ್ತದೆ. ಕರಗಿದ ನೀರನ್ನು ಈ ಫಿಲ್ಟರ್ ಹಿಡಿಯುದಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮಿತಿ ಮೀರಿದ್ರೆ ನೀರು ಎಥನಾಲನ್ನೂ ಎಳ್ಕೊಂಡು ಟ್ಯಾಂಕಿನ ಅಡಿಗೆ ಇಳೀತದೆ, ಪೆಟ್ರೋಲ್ ಎಳೆಯುವ ಪಿಕಪ್ ಪೈಪ್ ಇರುದೂ ಅಲ್ಲೇ. ಫೋರ್ ಸ್ಟ್ರೋಕ್‌ನವರಿಗೆ ಇಂಜಿನ್ ನಿಲ್ತದೆ ಅಷ್ಟೇ, ಟೂ ಸ್ಟ್ರೋಕ್‌ನವರಿಗೆ ಹಾಗಲ್ಲ, ಯಾಕಂದ್ರೆ ನಾವು ಹಾಕಿದ ಆಯಿಲ್ ಮೇಲಿನ ಪೆಟ್ರೋಲಲ್ಲಿ ಉಳೀತದೆ, ಅಡಿಯ ನೀರು ಎಥನಾಲಲ್ಲಿ ಆಯಿಲೇ ಇಲ್ಲ. ಅದನ್ನು ಕುಡಿದ ಇಂಜಿನ್ ಎಷ್ಟು ಹೊತ್ತು ಬದುಕ್ತದೆ? ಬೌಲಲ್ಲಿ ಎರಡು ಪದರ ಕಂಡ ದಿನ ಡ್ರೈನ್ ಮಾಡಿ ಹೊರಡುದು ಬೇಡ, ಆ ಟ್ಯಾಂಕಿನ ಪೆಟ್ರೋಲನ್ನೇ ಪೂರ್ತಿ ತೆಗೆದುಬಿಡಿ.

ನೀರು ಕಮ್ಮಿಯಾದ ಮೇಲೂ ಪವರ್ ಬೀಳುದು ನಿಲ್ಲಲಿಲ್ಲ. ಆದ್ರೆ ಬೌಲಲ್ಲಿ ಸಣ್ಣ ಸಣ್ಣ ಕಪ್ಪು ಪುಡಿ ಕಾಣ್ಲಿಕ್ಕೆ ಶುರುವಾಯ್ತು. ಟ್ಯಾಂಕಿನ ಕಸ ಅಲ್ಲ, ಬೆರಳಲ್ಲಿ ಉಜ್ಜಿದ್ರೆ ಮಸಿ ಹಿಡೀತದೆ, ರಬ್ಬರು. ಪೈಪಿನ ಹೊರಗೆ ಏನೂ ಕಾಣ್ತಿರಲಿಲ್ಲ, ಕೊಯ್ದು ನೋಡಿದ್ರೆ ಒಳಗಿನ ಪದರ ಮೆತ್ತಗಾಗಿ ಬಿಟ್ಟುಕೊಂಡಿದೆ, ಜೋರು ಎಳೆದಾಗ ಒಳಗೇ ಮುಚ್ಚಿಕೊಳ್ತದೆ, ನಿಧಾನ ಓಡಿದ್ರೆ ಬಿಡ್ತದೆ. ಈಗ ಎಸ್‌ಎಇ ಜೆ1527 (ಬೋಟಿನ ಪೆಟ್ರೋಲ್ ಪೈಪಿನ ಸ್ಟ್ಯಾಂಡರ್ಡ್) ಅಂತ ಮೇಲೆ ಅಚ್ಚು ಇರುವ ಮರೀನ್ ಪೈಪ್ ಹಾಕಿದ್ದೇನೆ, ರೇಟು ಜಾಸ್ತಿ, ಇರಲಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪೈಪು ಬೋಟಿಗೆ ಬೇಡ.

ಪೈಪ್ ಬಿಚ್ಚುವ ಮೊದಲು ಬಲ್ಬ್ ಟೆಸ್ಟ್ ಮಾಡಿದ್ರೂ ಇದೇ ಉತ್ತರ ಸಿಗ್ತದೆ, ಖರ್ಚೇ ಇಲ್ಲ. ಪವರ್ ಬೀಳ್ಲಿಕ್ಕೆ ಶುರುವಾದ ಕೂಡ್ಲೆ ಇನ್ನೊಬ್ಬ ಬಲ್ಬ್ ಮುಟ್ಟಿ ನೋಡ್ಬೇಕು. ಚಪ್ಪಟೆಯಾಗಿ ಒಳಗೆ ಎಳ್ಕೊಂಡಿದ್ರೆ ಬಲ್ಬಿನ ಹಿಂದೆ ಎಲ್ಲೋ ಅಡ್ಡ ಉಂಟು, ಪೈಪು, ಕಟ್ಟಿದ ಫಿಲ್ಟರು, ಪಿಕಪ್ಪಿನ ಜಾಲರಿ, ಅಥವಾ ಟ್ಯಾಂಕಿನ ಗಾಳಿ ತಿರುಪು ತೆರೆದೇ ಇಲ್ಲ (ನಗಬೇಡಿ, ತುಂಬಾ ಜನರದ್ದು ಇದೇ). ಚಪ್ಪಟೆ ಆಗಿಲ್ಲ, ಆದ್ರೆ ಒತ್ತಿದ್ರೆ ಇಂಜಿನ್ ಸುಧಾರಿಸ್ತದೆ ಅಂದ್ರೆ ಪಂಪ್ ಡಯಾಫ್ರಾಮ್ ಹೋಗಿದೆ ಅಥವಾ ಎಲ್ಲಿಂದಲೋ ಗಾಳಿ ಎಳೀತಾ ಉಂಟು. ಒತ್ತಿದ್ರೂ ಏನೂ ಬದಲಾಗುದಿಲ್ಲ ಅಂದ್ರೆ ಆವಾಗ ಕಾರ್ಬೊರೇಟರ್ ಬಿಚ್ಚಿ, ಯಾರೂ ಬೇಡ ಅನ್ನುದಿಲ್ಲ. ಬಲ್ಬ್ ಎಷ್ಟು ಒತ್ತಿದ್ರೂ ಗಟ್ಟಿ ಆಗುದಿಲ್ಲ, ಇಂಜಿನ್ ಹತ್ರ ಪೆಟ್ರೋಲ್ ವಾಸನೆ ಬರ್ತದೆ ಅಂದ್ರೆ ಕಾರ್ಬೊರೇಟರಿನ ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಸರಿಯಾಗಿ ಕೂರ್ತಾ ಇಲ್ಲ.

ಜೆಟ್ ತೊಳೆಯುವವರಿಗೆ ಒಂದು ಮಾತು, ತಂತಿ ಹಾಕಿ ಚುಚ್ಚಬೇಡಿ, ಹಿತ್ತಾಳೆ ತೂತು ದೊಡ್ಡದಾಗ್ತದೆ. ರಬ್ಬರ್ ಎಲ್ಲ ತೆಗೆದು ಕ್ಲೀನರ್ ಹೊಡೀರಿ, ಗಾಳಿ ಹಾಕಿ, ಅಷ್ಟೇ. ನಮ್ಮಂಥ ಇಂಜಿನ್ನಲ್ಲಿ ಒಂದೊಂದು ಕಾರ್ಬೊರೇಟರ್ ಒಂದೊಂದು ಸಿಲಿಂಡರಿಗೆ, ಒಂದರ ಜೆಟ್ ಅರ್ಧ ಕಟ್ಟಿದ್ರೆ ಆ ಸಿಲಿಂಡರಿಗೆ ಪೆಟ್ರೋಲೂ ಕಮ್ಮಿ, ಅದರೊಟ್ಟಿಗೆ ಬರುವ ಆಯಿಲೂ ಕಮ್ಮಿ, ಇಂಜಿನ್ ಮಾತ್ರ ಓಡ್ತಾ ಇರ್ತದೆ, ಪಿಸ್ಟನ್ ಕರಗಿದ ಮೇಲೆ ಗೊತ್ತಾಗುದು. ಪವರ್ ಬಿದ್ದ ಇಂಜಿನನ್ನು ಹಾಗೇ ಎಳೆದು ಓಡಿಸ್ಬೇಡಿ ಅನ್ನುದು ಇದಕ್ಕೇ.

ಈಗ ಕಡಿಮೆಯಾದ ಒಂದು ಸ್ಟಾರಿನ ಕಥೆ. ಫಿಲ್ಟರಿನ ತಲೆ ಅಲ್ಯೂಮಿನಿಯಂ, ಪೈಪ್ ಸಿಕ್ಕಿಸುವ ನಿಪ್ಪಲ್ ಹಿತ್ತಾಳೆ, ಉಪ್ಪುನೀರು ತಾಗಿ ಎರಡೂ ಸೇರುವಲ್ಲಿ ಬಿಳಿ ಪುಡಿ ಕಟ್ತದೆ, ಗ್ರೀಸ್ ಹಚ್ಚಿ ಆಗಾಗ ನೋಡ್ಬೇಕು. ಅದಕ್ಕಿಂತ ದೊಡ್ಡದು ಡ್ರೈನ್ ತಿರುಪಿನ ಸೀಲು, ಒಂದು ಸೀಸನ್ನಿಗೇ ಗಟ್ಟಿಯಾಯ್ತು. ಫಿಲ್ಟರ್ ಇರುದು ಎಳೆಯುವ ಬದಿಯಲ್ಲಿ, ಹಾಗಾಗಿ ಅಲ್ಲಿ ಸೀಲ್ ಹೋದ್ರೆ ಓಡುವಾಗ ಪೆಟ್ರೋಲ್ ಹೊರಗೆ ಸೋರುದಿಲ್ಲ, ಗಾಳಿ ಒಳಗೆ ಬರ್ತದೆ. ಬಲ್ಬ್ ಒತ್ತಿ ಲೀಕ್ ಹುಡುಕಿದ್ರೂ ಸಿಗುದಿಲ್ಲ, ಬಲ್ಬಿನ ಒತ್ತಡ ಇಂಜಿನ್ ಬದಿಗೆ ಮಾತ್ರ. ತೊಂದರೆ ಹುಡುಕ್ಲಿಕ್ಕೆ ಹಾಕಿದ ಸಾಮಾನೇ ತೊಂದರೆ ಮಾಡಿತು! ಗೊತ್ತಾದದ್ದು ಹೇಗೆ ಅಂದ್ರೆ ಫಿಲ್ಟರ್ ಬಿಟ್ಟು ಸಣ್ಣ ಕೈ ಟ್ಯಾಂಕಿನಿಂದ ಹೊಸ ಪೆಟ್ರೋಲ್ ಕೊಟ್ಟು ಓಡಿಸಿದಾಗ ಸರಿ ಓಡಿತು, ಆಮೇಲೆ ಫಿಲ್ಟರ್ ಆದ ಕೂಡ್ಲೆ ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿದಾಗ ಗುಳ್ಳೆ ಕಂಡಿತು. ಆ ಪೈಪ್ ಟೆಸ್ಟಿಗೆ ಮಾತ್ರ, ಪೆಟ್ರೋಲಿಗೆ ಅದು ಬೇಗ ಗಟ್ಟಿಯಾಗಿ ಒಡೀತದೆ. ಈಗ ಎಲಿಮೆಂಟ್ ಬದಲಿಸುವಾಗೆಲ್ಲ ಸೀಲೂ ಬದಲಿಸ್ತೇನೆ, ಗ್ಯಾಸ್ಕೆಟಿಗೆ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡುದು, ಪಾನ ಹಾಕುದಿಲ್ಲ.

ಮಳೆಗಾಲಕ್ಕೆ ಬೋಟು ಮೇಲೆ ಎಳೆಯುವಾಗ ಟ್ಯಾಂಕ್ ಖಾಲಿ ಮಾಡ್ತೇನೆ, ಉಳಿದ ಮಿಕ್ಸ್ ಪೆಟ್ರೋಲ್ ತೋಟದಲ್ಲಿ ಹುಲ್ಲು ಕೊಚ್ಚುವ ಟೂ ಸ್ಟ್ರೋಕ್ ಮಿಷನ್ನಿಗೆ ಹೋಗ್ತದೆ, ಸಮಯವೂ ಸರಿಯಾಗಿ ಅದೇ. ಪೈಪ್ ತೆಗೆದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದ್ರೆ ಸಾಕು ಅಂತಾರೆ, ಆದ್ರೆ ಕಾರ್ಬೊರೇಟರಿನ ಬೌಲಲ್ಲಿ ಸ್ವಲ್ಪ ಉಳಿದೇ ಉಳೀತದೆ, ಆರಿದ ಮೇಲೆ ಅಂಟು ಕಟ್ಟುದು ಅದೇ. ಕಾರ್ಬೊರೇಟರಿನ ಅಡಿಯ ತಿರುಪು ಬಿಚ್ಚಿ ಇಳಿಸುದೇ ಸರಿ.

ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿಯವರಿಗೂ ಇದು ಆಗ್ತದೆ, ಅಲ್ಲಿ ಎಥನಾಲ್ ಇಲ್ಲ, ಆದ್ರೆ ಡ್ರಮ್ಮಿನ ತುಕ್ಕು, ನೀರು ಧಾರಾಳ. ಪೆಟ್ರೋಲ್ ಇಂಜಿನ್ ಬೋಟಿನ ಒಳಗೇ ಇರುವವರು, ಅಂದ್ರೆ ಇನ್‌ಬೋರ್ಡ್‌ನವರು, ಪ್ಲಾಸ್ಟಿಕ್ ಬೌಲಿನದ್ದು ತಗೊಳ್ಳಲೇ ಬೇಡಿ, ಬೆಂಕಿ ಹಿಡಿದ್ರೆ ಮೊದಲು ಕರಗುದು ಅದೇ, ಪೂರ್ತಿ ಲೋಹದ್ದು ಸಿಗ್ತದೆ, ಒಳಗೆ ಕಾಣದಿದ್ರೂ ಅದೇ ಹಾಕಿ.