ಹಳ್ಳಿ ಆಸ್ಪತ್ರೆ ವೈದ್ಯರ ಮುಂದಿನ ತರಬೇತಿ: ಡಿಎನ್‌ಬಿಯೋ, ದೂರಶಿಕ್ಷಣವೋ, ಎಕೋವೋ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುವ ಎಂಬಿಬಿಎಸ್ ವೈದ್ಯರು ಮೊದಲು ನೋಡಬೇಕಾದದ್ದು ಸಮಯ. ಫ್ಯಾಮಿಲಿ ಮೆಡಿಸಿನ್ (ಕುಟುಂಬ ವೈದ್ಯಶಾಸ್ತ್ರ) ಡಿಎನ್‌ಬಿ, ಅಂದರೆ ಆಸ್ಪತ್ರೆಯಲ್ಲಿದ್ದು ಕಲಿಯುವ ಸ್ನಾತಕೋತ್ತರ ತರಬೇತಿಗೆ, ನೀಟ್-ಪಿಜಿ ಪ್ರವೇಶ ಪರೀಕ್ಷೆ ಬರೆದು, 3 ವರ್ಷ ಕೇಂದ್ರ ಬಿಟ್ಟಿರಬೇಕು. ಸ್ಟೈಪೆಂಡ್ ಇದೆ, ಪ್ರಬಂಧದ ಹೊರೆಯೂ ಇದೆ. ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ನಡೆಸುವಂಥ ದೂರಶಿಕ್ಷಣ ಕೋರ್ಸಿಗೆ ಕೆಲಸ ಬಿಡಬೇಕಿಲ್ಲ. ಶುಲ್ಕ ಕೈಯಿಂದ ಕಟ್ಟಬೇಕು, ಸಂಪರ್ಕ ತರಗತಿಗಳಿಗೆ ರಜೆ ಹೊಂದಿಸಬೇಕು.

ಎಕೋ ಬೇರೆಯದೇ ಬಗೆ. 2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ (ಯಕೃತ್ತಿನ ವೈರಸ್ ಸೋಂಕು) ರೋಗಿಗಳಿಗಾಗಿ ಶುರುವಾದ, ದೂರದ ವೈದ್ಯರು ತಜ್ಞರಿಂದ ವಿಡಿಯೊದಲ್ಲಿ ಕಲಿಯುವ ಪದ್ಧತಿ. ನಮ್ಮಲ್ಲಿ ನಿಮ್ಹಾನ್ಸ್ ಇದನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ ಬಳಸಿದೆ. ವಿಡಿಯೊ ಕರೆಯಲ್ಲಿ ನಿಮ್ಮ ರೋಗಿಯ ವಿವರ ಇಡುತ್ತೀರಿ, ತಜ್ಞರೂ ಇತರ ವೈದ್ಯರೂ ಚರ್ಚಿಸುತ್ತಾರೆ. ಹೆಸರು, ಊರು ಬೇಡ. ವಯಸ್ಸು, ಲಕ್ಷಣ, ಈವರೆಗೆ ಕೊಟ್ಟ ಔಷಧಿ ಮತ್ತು ಡೋಸ್, ಕೊನೆಗೆ ಒಂದೇ ಸ್ಪಷ್ಟ ಪ್ರಶ್ನೆ ಸಾಕು. ಕೆಡುವುದು ಎಲ್ಲಿ ಅಂದರೆ, ಹೊರಗೆ ಓಪಿಡಿ ಸಾಲು ನಿಂತಿರುವಾಗ ಮೊಬೈಲ್ ಮೇಜಿನ ಮೇಲಿಟ್ಟು ಅರೆಕಿವಿಯಲ್ಲಿ ಕೇಳುವುದರಲ್ಲಿ. ಕರೆ ನಡೆಯುವಷ್ಟು ಹೊತ್ತು ಯಾರು ರೋಗಿಗಳನ್ನು ನೋಡಿಕೊಳ್ಳುತ್ತಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಕೈಕೆಲಸದ ವಿಷಯದಲ್ಲಿ ಪರದೆ ಸೋಲುತ್ತದೆ: ಹೆರಿಗೆ, ಹೊಲಿಗೆ, ಮೂಳೆಮುರಿತ ಕಲಿಯಲು ವಾರ್ಡೇ ಬೇಕು, ಅಂದರೆ ಡಿಎನ್‌ಬಿ. ತಜ್ಞ ಹುದ್ದೆಯ ಮೇಲೆ ಕಣ್ಣಿದ್ದರೂ ಅದೇ. ದೂರಶಿಕ್ಷಣ ಡಿಪ್ಲೊಮಾವನ್ನು ಸ್ನಾತಕೋತ್ತರ ಪದವಿಗೆ ಸಮ ಎಂದುಕೊಂಡು ಸೇರಬೇಡಿ. ಅದು ದಿನದ ಓಪಿಡಿಯನ್ನು ಹರಿತಗೊಳಿಸುತ್ತದೆ, ಅಷ್ಟೇ.

ನೀವೊಬ್ಬರೇ ವೈದ್ಯರಿರುವ ಕೇಂದ್ರವಾದರೆ ಎಕೋದಿಂದ ಶುರುಮಾಡಿ. ಮನೆ, ಮಕ್ಕಳ ಶಾಲೆ ಕದಲಿಸಲಾಗದವರಿಗೆ ದೂರಶಿಕ್ಷಣ ಹೊಂದುತ್ತದೆ. ಸರ್ಕಾರಿ ಸೇವೆಯಲ್ಲಿದ್ದು ಡಿಎನ್‌ಬಿ ಯೋಚಿಸುವವರು ನಿಯೋಜನೆ, ಸಂಬಳ, ಬಾಂಡ್ ಷರತ್ತು ಮೂರನ್ನೂ ಅರ್ಜಿಗೆ ಮುಂಚೆಯೇ ಲಿಖಿತವಾಗಿ ಕೇಳಿ.