47 ಸಾವಿರದ ಹೆಲಿಕಾಪ್ಟರ್, 2 ಡಾಲರ್ 90 ಸೆಂಟಿನ ಟ್ರಾಮ್

ಮೊದಲೇ ಹೇಳಿಬಿಡುತ್ತೇನೆ. ನ್ಯೂಯಾರ್ಕ್ ಊರನ್ನು ಒಟ್ಟಾಗಿ ಒಂದು ಸಲ ನೋಡಬೇಕು ಅಂತ ನಾವು ನಾಲ್ಕು ದಾರಿ ಹಿಡಿದೆವು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡ್ಡು ಸುರಿದದ್ದು ಹೆಲಿಕಾಪ್ಟರಿಗೆ. ನಾನು ಎಲ್ಲಕ್ಕಿಂತ ಕಡಿಮೆ ನೋಡಿದ್ದೂ ಅದರಲ್ಲೇ. ನನಗೆ ಹಿಡಿಸಿದ್ದು ಈಸ್ಟ್ ರಿವರ್ ನದಿಯ ನಡುವಿನ ದ್ವೀಪ ರೂಸ್‌ವೆಲ್ಟ್ ಐಲ್ಯಾಂಡಿಗೆ ಹೋಗುವ ರೋಪ್‌ವೇ. ಅಲ್ಲಿಯವರು ಅದನ್ನು ಟ್ರಾಮ್ ಅನ್ನುತ್ತಾರೆ. ನಮ್ಮ ಯಜಮಾನರು ಇದನ್ನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮಗಳು ಇರುವುದು ಜರ್ಸಿ ಸಿಟಿಯಲ್ಲಿ, ಹಡ್ಸನ್ ನದಿಯ ಈಚೆ ದಡದಲ್ಲಿ. ಅವಳ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಕೂತರೆ ಹತ್ತು ನಿಮಿಷಕ್ಕೊಂದು ಹೆಲಿಕಾಪ್ಟರ್ ನದಿ ಮೇಲೆ ಗುಡುಗುಡು ಅಂತ ಹೋಗುತ್ತದೆ. ಮಾತಾಡುತ್ತಿದ್ದವರು ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸಬೇಕು. ಯಜಮಾನರಿಗೆ ಮಾತ್ರ ಅದು ಸಂಗೀತ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಲಲಿತಮಹಲ್ ಹೆಲಿಪ್ಯಾಡಿನಿಂದ ಜನರನ್ನು ಹತ್ತಿಸಿಕೊಂಡು ಊರು ಸುತ್ತಿಸುತ್ತಾರಲ್ಲ, ಅದಕ್ಕೆ ಹೋಗೋಣ ಅಂತ ಪ್ರತಿ ವರ್ಷ ಹೇಳುವುದು, ಕ್ಯೂ ನೋಡಿ ವಾಪಸ್ ಬರುವುದು. ಆ ಆಸೆ ಬ್ಯಾಂಕಿನಿಂದ ನಿವೃತ್ತಿ ಆದ ಮೇಲೂ ಹೋಗಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಗಳು ಬುಕ್ ಮಾಡಿಯೇಬಿಟ್ಟಳು.

ಒಬ್ಬರಿಗೆ 239 ಡಾಲರ್. ಅಷ್ಟೇ ಅಂದುಕೊಂಡು ಹೋದರೆ ಕೌಂಟರಿನಲ್ಲಿ ಹೆಲಿಪೋರ್ಟ್ ಶುಲ್ಕ ಅಂತ ತಲೆಗೆ 40 ಡಾಲರ್ ಬೇರೆ. ಬುಕ್ ಮಾಡುವಾಗ ಸಣ್ಣ ಅಕ್ಷರದಲ್ಲಿ ಇತ್ತಂತೆ. ಇಬ್ಬರಿಗೆ 558 ಡಾಲರ್, ಆಗಿನ ರೇಟಿನಲ್ಲಿ ಹತ್ತಿರ ಹತ್ತಿರ 47 ಸಾವಿರ ರೂಪಾಯಿ. ಇಳಿಯುವಾಗ ಪೈಲಟ್‌ಗೆ ಟಿಪ್ಸ್ ಕೊಡಬೇಕು ಅನ್ನುವ ಬೋರ್ಡು ಕೂಡ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಸೀಟಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೊಟ್ಟೆ ಉರಿ ಇನ್ನೂ ಆರಿಲ್ಲ.

ಹೆಲಿಪೋರ್ಟ್ ಇರುವುದು ಮ್ಯಾನ್‌ಹಟನ್ನಿನ ತುದಿಯಲ್ಲಿ, ಈಸ್ಟ್ ರಿವರ್ ಪಕ್ಕ, ಪಿಯರ್ 6 ಅನ್ನುವ ಹಡಗುಕಟ್ಟೆಯಲ್ಲಿ. ಒಳಗೆ ಹೋದ ತಕ್ಷಣ ಬ್ಯಾಗು ಕಿತ್ತುಕೊಂಡು ಲಾಕರಿನಲ್ಲಿ ಇಟ್ಟರು. ಕನ್ನಡಕ ಮತ್ತು ಫೋನ್ ಬಿಟ್ಟು ಏನೂ ಒಯ್ಯುವ ಹಾಗಿಲ್ಲ. ಆಮೇಲೆ ಒಬ್ಬೊಬ್ಬರನ್ನೂ ತಕ್ಕಡಿ ಮೇಲೆ ನಿಲ್ಲಿಸಿದರು, ಎಲ್ಲರ ಎದುರಿಗೇ. ತೂಕ ಪೌಂಡಿನಲ್ಲಿ ಬರುತ್ತದೆ. ಹಾಗಾಗಿ ನನ್ನ ನಂಬರ್ ನೋಡಿದರೂ ಯಜಮಾನರಿಗೆ ತಕ್ಷಣ ಲೆಕ್ಕ ಸಿಗಲಿಲ್ಲ. ಅದೊಂದು ಪುಣ್ಯ.

ತೂಕ ನೋಡುವುದು ಸುಮ್ನೆ ಅಲ್ಲ. ಹೆಲಿಕಾಪ್ಟರಿನ ಇಡೀ ಮೈ ಮೇಲಿನ ಆ ಒಂದು ಕಂಬದಿಂದ ನೇತಾಡುತ್ತದೆ. ತಕ್ಕಡಿ ಇದ್ದ ಹಾಗೆ. ಮುಂದೆ ಹಿಂದೆ, ಎಡ ಬಲ ಭಾರ ಹೊಂದಬೇಕು. ಅದಕ್ಕೇ ಯಾರು ಎಲ್ಲಿ ಕೂರಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಜೊತೆಗೆ ಬಂದವರು ಜೊತೆಗೇ ಕೂರಬೇಕು ಅಂತೇನೂ ಇಲ್ಲ. ಇದರಲ್ಲಿ ತಪ್ಪಿಲ್ಲ, ಒಪ್ಪುತ್ತೇನೆ. ತೂಕ ಸರಿ ಇಲ್ಲದ ಹೆಲಿಕಾಪ್ಟರಿನಲ್ಲಿ ಕಿಟಕಿ ಪಕ್ಕ ಕೂತು ನಾನೇನು ಮಾಡಲಿ?

ನಮಗೆ ಸಿಕ್ಕಿದ್ದು ಬೆಲ್ 206 ಜಾತಿಯದು, ಉದ್ದ ಮೈಯದ್ದು. ಪೈಲಟ್ ಪಕ್ಕ ಮುಂದೆ ಒಂದು ಸೀಟು. ಅದರ ಹಿಂದೆ ಎರಡು ಸೀಟು, ಅವು ಹಿಮ್ಮುಖ. ಕೊನೆಯಲ್ಲಿ ಮೂರು ಸೀಟು, ಮುಮ್ಮುಖ. ಹಳೇ ರೈಲಿನ ಹಾಗೆ ಎದುರುಬದುರು ಮಂಡಿ ತಾಗಿಸಿಕೊಂಡು ಕೂರಬೇಕು. ಯಜಮಾನರಿಗೆ ಪೈಲಟ್ ಪಕ್ಕದ ಸೀಟು ಬಂತು. ನನಗೆ ಕೊನೆಯ ಸಾಲಿನ ನಟ್ಟನಡುವೆ.

ಎಡಕ್ಕೆ ಆರಡಿ ಎತ್ತರದ ಹುಡುಗ. ಬಲಕ್ಕೆ ಅವನ ಗೆಳತಿ. ಇಬ್ಬರೂ ಹತ್ತಿದಾಗಿನಿಂದ ಇಳಿಯುವ ತನಕ ಫೋನನ್ನು ಕಿಟಕಿಗೆ ಒತ್ತಿ ಹಿಡಿದಿದ್ದರು. ನಾನು ಲಿಬರ್ಟಿ ಪ್ರತಿಮೆಯನ್ನು ನೋಡಿದ್ದು ಆ ಹುಡುಗನ ಫೋನಿನ ಪರದೆಯಲ್ಲಿ. ಎದುರಿಗೆ ಇಬ್ಬರ ಮುಖ, ಅವರ ನಡುವಿನ ಸಂದಿಯಲ್ಲಿ ನಮ್ಮವರ ತಲೆಯ ಹಿಂಭಾಗ. 32 ವರ್ಷದಿಂದ ನೋಡುತ್ತಿರುವ ಬೋಳು. ಅದನ್ನು ನೋಡುವುದಕ್ಕೆ 279 ಡಾಲರ್ ಕೊಟ್ಟೆ.

ಹೆಲಿಕಾಪ್ಟರ್ ವಾಲಿದಾಗ ಮಾತ್ರ ಒಂದು ಪಕ್ಕದ ಕಿಟಕಿ ತುಂಬ ನೀರು, ಇನ್ನೊಂದು ಪಕ್ಕ ತುಂಬ ಆಕಾಶ ಕಾಣುತ್ತಿತ್ತು. ಜಾರ್ಜ್ ವಾಷಿಂಗ್ಟನ್ ಸೇತುವೆ ಹತ್ತಿರ ತಿರುಗುವಾಗ ಹುಡುಗ ಹಿಂದಕ್ಕೆ ಒರಗಿದ. ಆ ಐದಾರು ಸೆಕೆಂಡಿನಲ್ಲಿ ಸೇತುವೆಯ ಬೂದು ಬಣ್ಣದ ಕಬ್ಬಿಣ, ಅದರ ಕೆಳಗೆ ಇರುವೆ ಸಾಲಿನ ಹಾಗೆ ಕಾರುಗಳು ಕಂಡವು. ನನ್ನ ಪಾಲಿನ ಹೆಲಿಕಾಪ್ಟರ್ ನೋಟ ಅಂದರೆ ಅದೇ.

ನನ್ನ ತಕರಾರು ತೂಕದ ನಿಯಮದ ಮೇಲಲ್ಲ. ಜಾಹೀರಾತಿನಲ್ಲಿ ಇರುವುದು ಕಿಟಕಿ, ಮಾರುವುದು ಸೀಟು. ಎರಡಕ್ಕೂ ಒಂದೇ ರೇಟು. ಬಸ್ಸಿನಲ್ಲಾದರೂ ಕಿಟಕಿ ಪಕ್ಕದ ಸೀಟಿಗೆ ಕರ್ಚೀಫ್ ಹಾಕಬಹುದು. ಕೆಲವು ಕಡೆ ಮುಂದಿನ ಸೀಟನ್ನು ಜಾಸ್ತಿ ದುಡ್ಡಿಗೆ ಕೊಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹೋಗುವುದೇ ಆದರೆ ಅದನ್ನು ಮೊದಲು ಕೇಳಿ.

ಇನ್ನೊಂದು ವಿಷಯ. ಹೆಲಿಕಾಪ್ಟರ್ ಅಂದರೆ ಊರಿನ ನೆತ್ತಿ ಮೇಲೆ ಹಾರುತ್ತದೆ ಅಂದುಕೊಂಡಿದ್ದೆ. ಪಿಯರ್ 6ರಿಂದ ಹೊರಟದ್ದು ಹಾಗೆ ಹೋಗುವುದಿಲ್ಲ. ಸದ್ದಿನ ಗಲಾಟೆಯಿಂದಾಗಿ ಊರಿನವರ ಜೊತೆ ಒಪ್ಪಂದ ಆಗಿದೆ, ನದಿ ಮೇಲೆಯೇ ಹಾರಬೇಕು. ನಾವು ಹಾರಿದ್ದು ಸಾವಿರ ಅಡಿ ಆಸುಪಾಸು. ಒನ್ ವರ್ಲ್ಡ್ ಟ್ರೇಡ್ ಸೆಂಟರ್ 1,776 ಅಡಿ. ಲೆಕ್ಕ ಹಾಕಿ, ಕಟ್ಟಡಗಳನ್ನು ಪಕ್ಕದಿಂದ ನೋಡಿದ ಹಾಗಾಯಿತು, ಮೇಲಿನಿಂದ ಅಲ್ಲ. ಸೆಂಟ್ರಲ್ ಪಾರ್ಕ್ ಕಟ್ಟಡಗಳ ಸಂದಿಯಲ್ಲಿ ಒಂದು ಹಸಿರು ಗೀಟು ಅಂತ ನಮ್ಮವರೇ ಹೇಳಿದರು. ಭಾನುವಾರ ಅಲ್ಲಿಂದ ಪ್ರವಾಸಿ ಹೆಲಿಕಾಪ್ಟರ್ ಹಾರುವುದೇ ಇಲ್ಲ. 2016ರಲ್ಲಿ ಹಾಗೆ ನಿಲ್ಲಿಸಿದರು, ವರ್ಷಕ್ಕೆ 60 ಸಾವಿರದಷ್ಟಿದ್ದ ಹಾರಾಟವನ್ನು ಅರ್ಧಕ್ಕೆ ಇಳಿಸುವುದು ಅಂತಲೂ ಆಯಿತು. ವಾರವೆಲ್ಲ ಕೆಲಸ ಇರುವ ಮಕ್ಕಳ ಜೊತೆ ಹೋಗುವವರಿಗೆ ಶನಿವಾರ ಒಂದೇ ಗತಿ.

ನ್ಯೂಜರ್ಸಿಯ ಕಡೆಯಿಂದ ಹೊರಡುವವು ಈ ಒಪ್ಪಂದದ ಕಟ್ಟಿನಲ್ಲಿಲ್ಲ, ಊರಿನ ಮೇಲೂ ಹೋಗುತ್ತವೆ. ಬಾಗಿಲು ತೆಗೆದ ಹೆಲಿಕಾಪ್ಟರಿನಲ್ಲಿ ಕಾಲು ಹೊರಗೆ ಬಿಟ್ಟುಕೊಂಡು ಫೋಟೋ ತೆಗೆಯುವ ಆಟ ಅಲ್ಲಿಯದು. 2018ರಲ್ಲಿ ಅಂಥದ್ದೊಂದು ಈಸ್ಟ್ ರಿವರಿಗೆ ಇಳಿದು ಮಗುಚಿಕೊಂಡಾಗ ಬಿಗಿದ ಬೆಲ್ಟು ಬಿಚ್ಚಲಾಗದೆ ಐದೂ ಜನ ಪ್ರಯಾಣಿಕರು ಮುಳುಗಿ ಸತ್ತರು. ಅಳಿಯ ಅದಕ್ಕೆ ಕರೆದ. ನಾನು ಬೇಡ ಅಂದೆ.

ಬಾಗಿಲು ಇದ್ದರೂ ಭಯ ಇಲ್ಲ ಅಂತಲ್ಲ. ನಾವು ಊರಿಗೆ ವಾಪಸ್ ಬಂದ ಮೇಲೆ, 2025ರ ಏಪ್ರಿಲ್ 10ರಂದು, ನಾವು ಹತ್ತಿದ ಜಾಗದಿಂದಲೇ ಹೊರಟ ಒಂದು ಹೆಲಿಕಾಪ್ಟರ್ ಮಗಳ ಮನೆಯ ಕಡೆಯ ದಡದ ಹತ್ತಿರ ಹಡ್ಸನ್‌ಗೆ ಬಿತ್ತು. ಅದೂ ಬೆಲ್ 206. ಸ್ಪೇನಿನಿಂದ ಬಂದ ಅಪ್ಪ, ಅಮ್ಮ, ಮೂರು ಮಕ್ಕಳು, ಪೈಲಟ್. ಯಾರೂ ಉಳಿಯಲಿಲ್ಲ. ಮಗಳು ಫೋನ್ ಮಾಡಿದಾಗ ನಮ್ಮಲ್ಲಿ ನಡುರಾತ್ರಿ ದಾಟಿತ್ತು. "ಅಮ್ಮ, ನೀವು ಹೋದ ದಾರಿಯೇ" ಅಂದಳು. ಅವತ್ತು ಇಬ್ಬರಿಗೂ ನಿದ್ದೆ ಬರಲಿಲ್ಲ.

ಈಗ ಟ್ರಾಮಿಗೆ ಬರುತ್ತೇನೆ. ಮ್ಯಾನ್‌ಹಟನ್ನಿನ 59ನೇ ಬೀದಿ, ಎರಡನೇ ಅವೆನ್ಯೂ ಮೂಲೆಯಲ್ಲಿ ಮೆಟ್ಟಿಲು ಹತ್ತಿದರೆ ಕೆಂಪು ಡಬ್ಬಿ ನಿಂತಿರುತ್ತದೆ. ಬಸ್ಸಿನಷ್ಟು ದೊಡ್ಡದು, ನೂರು ಜನ ಹಿಡಿಸುತ್ತದೆ. ಟಿಕೆಟ್ ಸಬ್‌ವೇ ದರವೇ, ಆಗ 2 ಡಾಲರ್ 90 ಸೆಂಟ್. ಸಬ್‌ವೇ ಅಂದರೆ ಅಲ್ಲಿ ನೆಲದಡಿಯ ರೈಲು. ದ್ವೀಪದ ಜನಕ್ಕೆ ಸಬ್‌ವೇ ಬರುವ ತನಕ ಇರಲಿ ಅಂತ 1976ರಲ್ಲಿ ಮಾಡಿದ್ದಂತೆ. 1989ರಲ್ಲಿ ಸಬ್‌ವೇ ಬಂತು. ಟ್ರಾಮನ್ನು ಬಿಟ್ಟುಕೊಡುವ ಮನಸ್ಸು ಯಾರಿಗೂ ಬರಲಿಲ್ಲ.

ಎತ್ತರ ಬರೀ 250 ಅಡಿ. ನಗಬೇಡಿ. ಆ ಎತ್ತರದಲ್ಲೇ ಊರು ಚೆನ್ನಾಗಿ ಕಾಣುವುದು. ಕಟ್ಟಡಗಳ ನೆತ್ತಿ ಮೇಲೆ ಮರದ ನೀರಿನ ಟ್ಯಾಂಕು, ಮೇಲೆ ಚೂಪು ಟೋಪಿ. ನಮ್ಮಲ್ಲಿ ಕಪ್ಪು ಸಿಂಟೆಕ್ಸ್ ಇದ್ದ ಹಾಗೆ ಅಲ್ಲಿ ಇವು. ಒಂದು ತಾರಸಿಯಲ್ಲಿ ಕುಂಡಗಳ ಸಾಲು, ನಡುವೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿ ಮೇಲೆ ಬನಿಯನ್ ಹಾಕಿದ ಮುದುಕಪ್ಪ. ಪಕ್ಕದಲ್ಲೇ ಕ್ವೀನ್ಸ್‌ಬರೋ ಸೇತುವೆ, ಮೊದಲು ನಮಗಿಂತ ಮೇಲೆ, ಆಮೇಲೆ ಸರಿಸಮ, ಆಮೇಲೆ ಕೆಳಗೆ. ಕಂಬ ದಾಟುವಾಗ ಡಬ್ಬಿ ಒಮ್ಮೆ ಜಗ್ಗುತ್ತದೆ, ಹೊಟ್ಟೆಯೊಳಗೆ ಝಗ್ ಅನ್ನುತ್ತದೆ. ಪ್ರವಾಸಿಗಳೆಲ್ಲ "ಓ" ಅನ್ನುತ್ತಾರೆ. ತರಕಾರಿ ಚೀಲ ಹಿಡಿದ ದ್ವೀಪದವರು ಫೋನಿನಿಂದ ತಲೆ ಎತ್ತುವುದಿಲ್ಲ. ನಾಲ್ಕೇ ನಿಮಿಷ, ಮುಗಿದೇ ಹೋಯಿತು.

ಆದರೆ ಮುಗಿದರೆ ಏನಾಯಿತು, ಇನ್ನೊಂದು ಸಲ ಹತ್ತಿದರಾಯಿತು. ನಾನು ಎರಡು ತಿಂಗಳಲ್ಲಿ ಒಂಬತ್ತು ಸಲ ಹೋದೆ. ಕಿಟಕಿ ಸಿಗದಿದ್ದರೆ ಒಂದು ಡಬ್ಬಿ ಬಿಟ್ಟು ಮುಂದಿನದಕ್ಕೆ ಮೊದಲ ಸಾಲಿನಲ್ಲಿ ನಿಂತೆ. ತೆಂಕಣ ಮೂಲೆ ಒಳ್ಳೆಯದು. ಸಂಜೆ ಐದರ ಮೇಲೆ ಹೋಗಬೇಡಿ, ಕೆಲಸ ಮುಗಿಸಿದವರ ನೂಕುನುಗ್ಗಲು. ಆಚೆ ದಡದಲ್ಲಿ ಇಳಿದು ದ್ವೀಪದ ತುದಿಯ ತನಕ ನಡೆದರೆ ಲೂಯಿ ಕಾನ್ ವಿನ್ಯಾಸದ ಪಾರ್ಕ್ ಇದೆ. ನಮ್ಮ ಅಹಮದಾಬಾದಿನ ಐಐಎಂ ಕಟ್ಟಿದರಲ್ಲ, ಅವರೇ. ಕಲ್ಲಿನ ಕಟ್ಟೆ ಮೇಲೆ ಕೂತು ಡಬ್ಬಿಯಲ್ಲಿದ್ದ ಚಕ್ಕುಲಿ ತಿಂದೆವು. ಬ್ಯಾಗು ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ. ಕೊರತೆ ಅಂದರೆ ಲಿಬರ್ಟಿ ಪ್ರತಿಮೆಯ ನೋಟ ಇಲ್ಲಿ ಸಿಗುವುದಿಲ್ಲ.

ಅದಕ್ಕೆ ಸ್ಟೇಟನ್ ಐಲ್ಯಾಂಡ್ ಫೆರಿ, ಅಂದರೆ ಆ ದ್ವೀಪಕ್ಕೆ ಜನರನ್ನು ಸಾಗಿಸುವ ಹಡಗು. 25 ನಿಮಿಷ, 1997ರಿಂದ ಪೂರ್ತಿ ಫ್ರೀ. ಹೋಗುವಾಗ ಬಲಗಡೆ ನಿಲ್ಲಿ. ಟರ್ಮಿನಲ್ ಹೊರಗೆ ಜಾಕೆಟ್ ಹಾಕಿಕೊಂಡು ಟಿಕೆಟ್ ಮಾರುವವರು ಮೈಮೇಲೆ ಬೀಳುತ್ತಾರೆ, ಮಾತಾಡದೆ ಒಳಗೆ ನಡೆಯಿರಿ. ಆಚೆ ದಡದಲ್ಲಿ ಎಲ್ಲರೂ ಇಳಿದು ಮತ್ತೆ ಹತ್ತಬೇಕು, ಮಂಡಿ ನೋವಿನವರಿಗೆ ಅದೊಂದು ರಗಳೆ. ಪ್ರತಿಮೆ ದೂರ, ನಿಜ. ಆದರೂ ಹುಡುಗನ ಫೋನಿನಲ್ಲಿ ಕಂಡದ್ದಕ್ಕಿಂತ ದೊಡ್ಡದು.

ಇನ್ನು ಟಾಪ್ ಆಫ್ ದಿ ರಾಕ್, ರಾಕ್‌ಫೆಲರ್ ಸೆಂಟರ್ ಕಟ್ಟಡದ ತುದಿಯಿಂದ ಊರು ನೋಡುವ ಜಾಗ. ಒಬ್ಬರಿಗೆ 40 ಡಾಲರ್ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ ಇನ್ನೂ ಜಾಸ್ತಿ. ದುಡ್ಡು ಒಂದೇ ಕಡೆ ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. 70ನೇ ಮಹಡಿಯಲ್ಲಿ ಗಾಜಿನ ಅಡ್ಡಿ ಇಲ್ಲದೆ ಒಂದು ಕಡೆ ಸೆಂಟ್ರಲ್ ಪಾರ್ಕ್ ಇಡಿಯಾಗಿ, ಇನ್ನೊಂದು ಕಡೆ ಎಂಪೈರ್ ಸ್ಟೇಟ್ ಕಟ್ಟಡ. ಎಂಪೈರ್ ಸ್ಟೇಟ್ ಹತ್ತಿದವರಿಗೆ ಎಂಪೈರ್ ಸ್ಟೇಟ್ ಕಾಣುವುದಿಲ್ಲ, ಅಲ್ವಾ? ನಾವು ಎರಡು ಗಂಟೆ ಅಲ್ಲೇ ಇದ್ದೆವು. ಕತ್ತಲಾಗಿ ದೀಪ ಹತ್ತುವ ತನಕ ಯಾರೂ ಏಳಿ ಅನ್ನಲಿಲ್ಲ.

ನನ್ನದು ನಿಧಾನದ ಕಣ್ಣು. ಒಂದು ಜಾಗವನ್ನು ಮತ್ತೆ ಮತ್ತೆ ನೋಡಿದರೆ ಮಾತ್ರ ತಲೆಯಲ್ಲಿ ಕೂರುತ್ತದೆ. ಡಾಲರ್ ಅಂದ ಕೂಡಲೇ ಮನಸ್ಸಿನಲ್ಲೇ 84ರಿಂದ ಗುಣಿಸುವ ಚಾಳಿ ಬೇರೆ. ಹಾಗಾಗಿ ನನಗೆ ಟ್ರಾಮ್ ಮೊದಲು, ರಾಕ್ ಆಮೇಲೆ, ಪ್ರತಿಮೆಗೆ ಫೆರಿ. ಒಂದೇ ದಿನದ ಮಟ್ಟಿಗೆ ಊರಿಗೆ ಬಂದು ಹೋಗುವವರು, ಮುಂದಿನ ಸೀಟು ಕೈಯಲ್ಲಿ ಇದ್ದವರು ಹೆಲಿಕಾಪ್ಟರ್ ಹತ್ತಲಿ, ನಾನು ಬೇಡ ಅನ್ನುವುದಿಲ್ಲ.

ಯಜಮಾನರು ಮುಂದಿನ ಸೀಟಿನಿಂದ ತೆಗೆದ ವಿಡಿಯೋ ಇವತ್ತಿಗೂ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಚೆನ್ನಾಗಿಯೇ ಬಂದಿದೆ, ನಾನು ಆ ಸವಾರಿಯನ್ನು ಪೂರ್ತಿ ನೋಡಿದ್ದು ಅದರಲ್ಲೇ. ಅಪಘಾತದ ಸುದ್ದಿ ಬಂದ ಮೇಲೆ ಆರು ತಿಂಗಳು ಸುಮ್ಮನಿದ್ದರು. ಮೊನ್ನೆ ಮಗಳ ಹತ್ತಿರ ಮುಂದಿನ ಪ್ರಯಾಣದ ಮಾತು ಬಂದಾಗ ಮೆಲ್ಲಗೆ ತೆಗೆದರು: "ಇನ್ನೊಂದ್ಸಲ ಹೋಗ್ಬರೋಣ ಕಣೇ, ಹೆಲಿಕಾಪ್ಟರಲ್ಲಿ."

"ಹೋಗೋಣ" ಅಂದೆ. "ನಡುವಿನ ಸೀಟಲ್ಲಿ ನೀವು ಕೂತ್ಕೊಳ್ಳಿ."

ಆಮೇಲೆ ಆ ಮಾತು ಎತ್ತಿಲ್ಲ.