ಮಂಗಳೂರಿನ ಫ್ಲ್ಯಾಟೋ, ಮಣಿಪಾಲದ ಫ್ಲ್ಯಾಟೋ, ಊರಿನ ಐದು ಸೆಂಟ್ಸೋ?

ಫ್ಲ್ಯಾಟೋ, ಊರಲ್ಲಿ ಐದು ಸೆಂಟ್ಸ್ ಜಾಗವೋ, ಈ ಮೂರರಲ್ಲಿ ಯಾವುದನ್ನು ಕೊಳ್ಳುವುದು ಎಂದು ಕೇಳಿದಿರಿ. ಮೊದಲು ನೋಡಬೇಕಾದ್ದು, ಆ ಜಾಗಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದು.

ಮಂಗಳೂರಿಗೆ ಹಲವು ಕಡೆಯಿಂದ ಬರುತ್ತದೆ. ಪಣಂಬೂರಿನ ಬಂದರು, ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ, ಆಸ್ಪತ್ರೆಗಳು, ಐಟಿ, ಮೇಲೆ ಗಲ್ಫ್ ಹಣ. ಒಂದು ಸೊರಗಿದರೆ ಇನ್ನೊಂದು ಎತ್ತಿ ಹಿಡಿಯುತ್ತದೆ. ಬೆಲೆ ಜಾಸ್ತಿಯೇ, ಆದರೆ ಮಾರುವಾಗ ಗಿರಾಕಿ ಸಿಗುತ್ತಾರೆ. ಅಲ್ಲೇ ಕೆಲಸ, ಅಲ್ಲೇ ವಾಸ ಅನ್ನುವವರಿಗೆ ಇದು ಸರಿ.

ಮಣಿಪಾಲ ಹಾಗಲ್ಲ. 1953ರಲ್ಲಿ ಕೆಎಂಸಿ ಮೆಡಿಕಲ್ ಕಾಲೇಜು ಶುರುವಾದಾಗಿನಿಂದ ಊರು ಬೆಳೆದದ್ದೇ ವಿದ್ಯಾರ್ಥಿಗಳಿಂದ. ಬಾಡಿಗೆ ಚೆನ್ನಾಗಿ ಬರುತ್ತದೆ, ನಿಜ. ಆದರೆ 2020ರಲ್ಲಿ ಕಾಲೇಜು ಮುಚ್ಚಿ ಮಕ್ಕಳು ಊರಿಗೆ ಹೋದಾಗ, ಬಾಡಿಗೆಯನ್ನೇ ನಂಬಿ ಸಾಲ ಮಾಡಿದವರ ಕಷ್ಟ ನೋಡಿದ್ದೇನೆ. ಬೇರೆ ಆದಾಯದಿಂದ ಕಂತು ಕಟ್ಟುವ ಶಕ್ತಿ ಇದ್ದರೆ ಮಾತ್ರ ಕೈ ಹಾಕಿ. ಬಾಡಿಗೆಯವರು ಬದಲಾದಾಗಲೆಲ್ಲ ಪೇಂಟು, ನಲ್ಲಿ, ಬೀಗದ ಖರ್ಚೂ ಇದೆ.

ಐದು ಸೆಂಟ್ಸ್ ಅಂದರೆ ಸುಮಾರು 2,178 ಚದರ ಅಡಿ. ಕೆಂಪುಕಲ್ಲಿನ ಮನೆ, ಒಂದು ಬಾವಿ, ಎರಡು ತೆಂಗು. ಬಾಡಿಗೆಯ ಆಸೆ ಬೇಡ. ನಿವೃತ್ತಿಗೆ ಊರು ಸೇರುವವರಿಗೆ ಇದಕ್ಕಿಂತ ನೆಮ್ಮದಿ ಯಾವುದು? ಕನ್ವರ್ಷನ್ (ಕೃಷಿ ಜಮೀನನ್ನು ಮನೆ ಜಾಗ ಮಾಡಿದ ಆದೇಶ), 9/11 (ಪಂಚಾಯಿತಿ ಕೊಡುವ ಆಸ್ತಿ ದಾಖಲೆಯ ನಮೂನೆಗಳು) ಎರಡೂ ಸರಿಯಿಲ್ಲದೆ ಅಡ್ವಾನ್ಸ್ ಮಾತ್ರ ಕೊಡಬೇಡಿ.

ಫ್ಲ್ಯಾಟ್ ಆದರೆ ಜುಲೈ ಮಳೆಯಲ್ಲೇ ನೋಡಿ ಬನ್ನಿ. ಬಾತ್‌ರೂಮಿನ ಹಿಂದಿನ ಗೋಡೆಗೆ ಅಂಗೈ ಒತ್ತಿ. ಪಸೆ ತಾಗಿದರೆ ರೇಟು ಮಾತಾಡುವ ಮೊದಲು ಕಾರಣ ಕೇಳಿ.